ಯುದ್ಧ ಮುಗಿದ ಮೇಲಿನ ಕಾದಂಬರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಮಾಲಿಕೆಯ ನಾಲ್ಕನೆಯ ಕಾದಂಬರಿ 'ಎ ಫೀಸ್ಟ್ ಫಾರ್ ಕ್ರೋಸ್' ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ದೂರಿನ ಪತ್ರಗಳು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ಮಾಲಿಕೆಯ ಐದು ಪುಸ್ತಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉತ್ತರಗಳಲ್ಲಿ ಕಥೆಯ ಮುಖ್ಯ ತಿರುವುಗಳು ಬಯಲಾಗುತ್ತವೆ. ಇನ್ನೂ ಓದದವರು ಈ ಪುಟವನ್ನು ತೆಗೆದಿಟ್ಟುಕೊಂಡು ಆಮೇಲೆ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮೂರನೆಯ ಕಾದಂಬರಿಯನ್ನು ನಿದ್ದೆಗೆಟ್ಟು ಓದಿ ಮುಗಿಸಿದೆ. ನಾಲ್ಕನೆಯದರಲ್ಲಿ ಟಿರಿಯನ್ ಇಲ್ಲ, ಡೇನೆರಿಸ್ ಇಲ್ಲ, ಜಾನ್ ಸ್ನೋ ಒಂದು ಅಧ್ಯಾಯದಲ್ಲಿ ಮುಖ ತೋರಿಸಿ ಮಾಯವಾಗುತ್ತಾನೆ. ಅವರ ಬದಲಿಗೆ ಹೆಸರೇ ಕೇಳಿರದ ಜನ ಬರುತ್ತಲೇ ಇದ್ದಾರೆ. ಅರ್ಧಕ್ಕೆ ನಿಲ್ಲಿಸಿದ್ದೇನೆ. ಮುಂದುವರಿಸುವುದರಿಂದ ಪ್ರಯೋಜನವಿದೆಯೆ?

ಉತ್ತರ: ದಯವಿಟ್ಟು ಮುಂದುವರಿಸಿ. 2000ದಲ್ಲಿ ಬಂದ 'ಎ ಸ್ಟಾರ್ಮ್ ಆಫ್ ಸೋರ್ಡ್ಸ್' ಓದುಗನಿಗೆ ಉಸಿರಾಡಲೂ ಬಿಡುವು ಕೊಡದ ಕಾದಂಬರಿ. ಅದನ್ನು ಮುಚ್ಚಿಟ್ಟ ಕೈಯಲ್ಲೇ ಇದನ್ನು ತೆರೆದವರಿಗೆ ಓಟ ಥಟ್ಟನೆ ನಿಂತಂತೆ ಅನಿಸುವುದು ಸಹಜ. ಆದರೆ ಕಥೆ ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ಒಮ್ಮೆ ಗಮನಿಸಿ. ಪರಸ್ಪರ ಬಡಿದಾಡಿದ ಐವರು ರಾಜರಲ್ಲಿ ಜಾಫ್ರಿ, ರಾಬ್, ರೆನ್ಲಿ, ಬೇಲನ್ ನಾಲ್ವರೂ ಸತ್ತಿದ್ದಾರೆ. ಉಳಿದ ಸ್ಟ್ಯಾನಿಸ್ ಉತ್ತರದ ತುದಿಯ ಹಿಮದ ಗೋಡೆಯ ಬಳಿ ಇದ್ದಾನೆ. ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ಗೆದ್ದವರು ಕೋಟೆಗಳನ್ನೂ ಪದವಿಗಳನ್ನೂ ಹಂಚಿಕೊಳ್ಳುತ್ತಿದ್ದಾರೆ, ನದಿಗಳ ಸೀಮೆಯ ಹಳ್ಳಿಗಳು ಸುಟ್ಟು ಬಿದ್ದಿವೆ, ಪೈರು ಮನೆ ಸೇರಿಲ್ಲ, ಚಳಿಗಾಲ ಬಾಗಿಲಿಗೆ ಬಂದಿದೆ. ಸಾಮಾನ್ಯವಾಗಿ ವೀರಕಥೆಗಳು ಮುಗಿದುಹೋಗುವ ಜಾಗ ಇದು. ಮಾರ್ಟಿನ್ ಇಲ್ಲಿಂದ ಹೊರಡದೆ ಆ ಸುಟ್ಟ ಹಳ್ಳಿಗಳ ನಡುವೆಯೇ ಒಂದಿಡೀ ಕಾದಂಬರಿಯ ಉದ್ದಕ್ಕೆ ನಮ್ಮನ್ನು ನಡೆಸುತ್ತಾರೆ. ಹೆಸರಿನಲ್ಲಿರುವ ಕಾಗೆಗಳ ಔತಣಕ್ಕೆ ಅರ್ಥ ಸಿಗುವುದು ಇಲ್ಲಿಯೇ.

ಕನ್ನಡದ ಓದುಗರಿಗೆ ಇಂಥ ನಡಿಗೆ ಹೊಸದೇನೂ ಅಲ್ಲ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳನ್ನು ದಾಟುತ್ತ ಬಂದು ದ್ರೋಣ, ದುಶ್ಶಾಸನ, ಕರ್ಣ ಮತ್ತು ತನ್ನ ಮಗನ ಮುಂದೆ ನಿಂತು ಮರುಗುವ ಭಾಗವನ್ನು ಓದಿ, ಇಲ್ಲಿ ಕಥೆ ನಿಂತುಹೋಯಿತು ಎಂದು ಯಾರೂ ದೂರುವುದಿಲ್ಲ. ಕಾವ್ಯ ಎತ್ತರಕ್ಕೇರುವುದೇ ಅಲ್ಲಿ. ಈ ಕಾದಂಬರಿಯನ್ನೂ ಆ ನಿರೀಕ್ಷೆಯಿಂದ ಓದಿ ನೋಡಿ.

ಇನ್ನೊಂದು ಮಾತು. ಮುನ್ನುಡಿಯಂಥ ಮೊದಲ ಭಾಗವೂ ಸೇರಿ ಇದರಲ್ಲಿ 46 ಅಧ್ಯಾಯಗಳಿವೆ. ಅವುಗಳಲ್ಲಿ 10 ರಾಜಮಾತೆ ಸೆರ್ಸಿಯವು, 8 ಯೋಧೆ ಬ್ರಿಯೆನ್‌ಳವು, 7 ಸೆರ್ಸಿಯ ಅವಳಿ ಸಹೋದರ ಜೇಮಿಯವು. ಅಂದರೆ ಅರ್ಧಕ್ಕಿಂತ ಹೆಚ್ಚು ಪುಸ್ತಕ ಈ ಮೂವರದೇ. ಇಲ್ಲದವರನ್ನು ಹುಡುಕುತ್ತ ಓದುವುದನ್ನು ಬಿಟ್ಟು, ಇದು ಈ ಮೂವರ ಕಾದಂಬರಿ ಎಂದು ಓದಿದರೆ ಅದರ ಆಕಾರ ತಾನಾಗಿ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಜನಪ್ರಿಯ ಪಾತ್ರಗಳನ್ನೇ ಹೊರಗಿಟ್ಟು ಪುಸ್ತಕ ಪ್ರಕಟಿಸುವ ಅಗತ್ಯವೇನಿತ್ತು? ಇದು ಓದುಗರಿಗೆ ಮಾಡಿದ ಅನ್ಯಾಯವಲ್ಲವೆ?

ಉತ್ತರ: ಮಾರ್ಟಿನ್ ಮೊದಲು ಹಾಕಿಕೊಂಡಿದ್ದ ಯೋಜನೆಯೇ ಬೇರೆ. ಮೂರನೆಯ ಪುಸ್ತಕದ ನಂತರ ಕಥೆಯೊಳಗೆ 5 ವರ್ಷಗಳನ್ನು ಹಾರಿಸಿಬಿಡುವುದು, ಅಷ್ಟರಲ್ಲಿ ಆರ್ಯಾ, ಬ್ರಾನ್‌ರಂಥ ಮಕ್ಕಳೂ ಡೇನೆರಿಸ್‌ಳ ಡ್ರ್ಯಾಗನ್‌ಗಳೂ ಬೆಳೆದಿರುತ್ತವೆ ಎಂಬುದು ಅವರ ಲೆಕ್ಕವಾಗಿತ್ತು. ಬರೆಯಲು ಕುಳಿತಾಗ ಆ ಲೆಕ್ಕ ಕೆಲವರಿಗೆ ಹೊಂದಿತು, ಕೆಲವರಿಗೆ ಹೊಂದಲಿಲ್ಲ. ದೂರದ ನಗರದಲ್ಲಿ ವಿದ್ಯೆ ಕಲಿಯುತ್ತಿರುವ ಹುಡುಗಿಯೊಬ್ಬಳು ಐದು ವರ್ಷ ಕಲಿತಳು ಎಂದರೆ ನಂಬಬಹುದು. ತಂದೆ ಸತ್ತ ಗಳಿಗೆಯಿಂದಲೇ ಅಧಿಕಾರವನ್ನು ಎರಡೂ ಕೈಗಳಿಂದ ಬಾಚಿಕೊಳ್ಳಲು ಹೊರಟ ಸೆರ್ಸಿ ಐದು ವರ್ಷ ಸುಮ್ಮನೆ ಕುಳಿತಿದ್ದಳು ಎಂದರೆ ಯಾರು ನಂಬುತ್ತಾರೆ? ನಡೆದುಹೋದದ್ದನ್ನೆಲ್ಲ ನೆನಪುಗಳ ಮೂಲಕ ಹೇಳಬೇಕಾದ ಪರಿಸ್ಥಿತಿ ಬಂದಾಗ ಅವರು ಆ ಯೋಜನೆಯನ್ನು ಕೈಬಿಟ್ಟು ಹೊಸದಾಗಿ ಬರೆಯತೊಡಗಿದರು. ಬರೆದದ್ದು ಒಂದು ಸಂಪುಟದಲ್ಲಿ ಹಿಡಿಸದಷ್ಟು ಬೆಳೆಯಿತು. ಕಾಲಕ್ರಮದಲ್ಲಿ ಅರ್ಧಕ್ಕೆ ಕತ್ತರಿಸುವ ಬದಲು ಪಾತ್ರಗಳನ್ನು ಅವರಿರುವ ಸ್ಥಳಕ್ಕೆ ತಕ್ಕಂತೆ ಎರಡು ಪುಸ್ತಕಗಳಲ್ಲಿ ಹಂಚುವ ಸಲಹೆಯನ್ನು ಕೊಟ್ಟವರು ಅವರ ಸ್ನೇಹಿತರೂ ಲೇಖಕರೂ ಆದ ಡೇನಿಯಲ್ ಏಬ್ರಹಾಂ.

ನನ್ನ ಅಭಿಪ್ರಾಯದಲ್ಲಿ ಆ ತೀರ್ಮಾನ ಸರಿಯಾದದ್ದೇ. ಎಲ್ಲರ ಕಥೆಯನ್ನೂ ಅರ್ಧರ್ಧ ಹೇಳಿದ್ದರೆ ಸೆರ್ಸಿಯ ಏರಿಳಿತ ಒಂದೇ ಪುಸ್ತಕದಲ್ಲಿ ಪೂರ್ಣಗೊಳ್ಳುತ್ತಿರಲಿಲ್ಲ. ಹೀಗೆ ಪಾತ್ರಗಳನ್ನು ಬೇರ್ಪಡಿಸುವ ಕ್ರಮವೂ ಈ ಪ್ರಕಾರಕ್ಕೆ ಹೊಸದಲ್ಲ. ಜೆ. ಆರ್. ಆರ್. ಟೋಲ್ಕಿನ್ ಅವರ ಮಹಾಕಾದಂಬರಿಯ ಎರಡನೆಯ ಸಂಪುಟವಾಗಿ 1954ರಲ್ಲಿ ಬಂದ 'ದ ಟು ಟವರ್ಸ್'ನಲ್ಲಿಯೂ ಮೊದಲರ್ಧ ಪೂರ್ತಿ ಅರಗಾರ್ನ್ ಮತ್ತು ಅವನ ಸಂಗಡಿಗರದು. ಉಂಗುರ ಹೊತ್ತ ಫ್ರೋಡೋ ನಮ್ಮ ಕಣ್ಣಿಗೆ ಬೀಳುವುದು ದ್ವಿತೀಯಾರ್ಧದಲ್ಲಿ. ವ್ಯತ್ಯಾಸವೆಂದರೆ ಅಲ್ಲಿ ಓದುಗ ಅದೇ ಪುಸ್ತಕದ ಪುಟ ತಿರುವಿದರೆ ಸಾಕಿತ್ತು. ಇಲ್ಲಿ ಹಾಗಾಗಲಿಲ್ಲ. 2005ರಲ್ಲಿ ಪ್ರಕಟವಾದ ಈ ಕಾದಂಬರಿಯ ಕೊನೆಯ ಟಿಪ್ಪಣಿಯಲ್ಲಿ, ಉಳಿದವರ ಕಥೆ ಮುಂದಿನ ವರ್ಷ ಬರುತ್ತದೆಂಬ ಭರವಸೆಯನ್ನು ಲೇಖಕರು ಕೊಟ್ಟಿದ್ದರು. 'ಎ ಡಾನ್ಸ್ ವಿತ್ ಡ್ರ್ಯಾಗನ್ಸ್' ಬಂದದ್ದು 2011ರಲ್ಲಿ. ಆ ದೀರ್ಘ ಕಾಯುವಿಕೆಯ ಕಹಿಯೆಲ್ಲ ಈ ಪುಸ್ತಕದ ಮೇಲೆ ಬಿತ್ತು. ಇಂದು ಎರಡನ್ನೂ ಜೊತೆಗಿಟ್ಟುಕೊಂಡು ಓದಬಲ್ಲ ನೀವು ಆ ಕಹಿಯನ್ನು ಎರವಲು ಪಡೆಯಬೇಕಾಗಿಲ್ಲ.

ಪ್ರಶ್ನೆ: ಬ್ರಿಯೆನ್ ಪುಸ್ತಕದ ಉದ್ದಕ್ಕೂ ರಾಬ್ ರಾಜನ ಕಾಣೆಯಾದ ತಂಗಿ ಸಾನ್ಸಾಳನ್ನು ಹುಡುಕುತ್ತಾಳೆ. ಸಾನ್ಸಾ ಎಲ್ಲಿದ್ದಾಳೆಂಬುದು ಓದುಗರಿಗೆ ಗೊತ್ತು. ಬ್ರಿಯೆನ್ ಹೋಗುವ ಯಾವ ದಾರಿಯಲ್ಲೂ ಅವಳಿಲ್ಲ. ಫಲ ಸಿಗದೆಂದು ಮೊದಲೇ ಗೊತ್ತಿರುವ ಹುಡುಕಾಟಕ್ಕೆ ಎಂಟು ಅಧ್ಯಾಯಗಳೇ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸಲು ಅನುಮತಿ ಕೊಡಿ, ಏಕೆಂದರೆ ಕಾದಂಬರಿಯ ಜೀವ ಇರುವುದು ಈ ಎಂಟು ಅಧ್ಯಾಯಗಳಲ್ಲಿ ಎಂಬುದು ನನ್ನ ನಂಬಿಕೆ.

ಹದಿಮೂರು ವರ್ಷದ, ನೀಲಿ ಕಣ್ಣಿನ, ಕೆಂಗಂದು ಕೂದಲಿನ ಹುಡುಗಿಯೊಬ್ಬಳನ್ನು ಕಂಡಿರಾ ಎಂದು ಬ್ರಿಯೆನ್ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾಳೆ. ಪ್ರಶ್ನೆ ಪ್ರತಿ ಸಲವೂ ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಬರುತ್ತದೆ, ಪ್ರತಿ ಸಲವೂ ಉತ್ತರ ಇಲ್ಲ ಎಂದೇ. ಆದರೆ ಉತ್ತರ ಕೊಡುವವರು ಯಾರು ಎಂದು ನೋಡಿ. ಊರು ಬಿಟ್ಟು ಓಡಿಬಂದವರು, ಲೂಟಿಯಾದ ಬಂದರಿನಲ್ಲಿ ಬದುಕುಳಿದವರು, ಯಾರೂ ದಿಕ್ಕಿಲ್ಲದೆ ಒಂದು ಛತ್ರದಲ್ಲಿ ಸೇರಿಕೊಂಡಿರುವ ಮಕ್ಕಳು. ಮೊದಲ ಮೂರು ಪುಸ್ತಕಗಳಲ್ಲಿ ನಾವು ಯುದ್ಧವನ್ನು ರಾಜರ ಮಂತ್ರಾಲೋಚನೆಯ ಮೇಜಿನ ಕಡೆಯಿಂದ ನೋಡಿದ್ದೇ ಹೆಚ್ಚು. ಯಾವ ಸೇನೆ ಯಾವ ಹೊಳೆ ದಾಟಿತು, ಯಾವ ಮದುವೆಯಿಂದ ಎಷ್ಟು ಸೈನಿಕರು ಸಿಕ್ಕರು ಎಂಬ ಲೆಕ್ಕಾಚಾರಗಳಲ್ಲಿ ನಾವೂ ಪಕ್ಷ ವಹಿಸಿಕೊಂಡು ಮುಳುಗಿದ್ದೆವು. ಆ ಹೊಳೆಯ ದಂಡೆಯಲ್ಲಿ ಬದುಕುತ್ತಿದ್ದವರಿಗೆ ಏನಾಯಿತೆಂದು ಈಗ ಬ್ರಿಯೆನ್ ನಮಗೆ ತೋರಿಸುತ್ತಾಳೆ. ಸಾನ್ಸಾ ಸಿಗುವುದಿಲ್ಲವೆಂದು ನಮಗೆ ಗೊತ್ತಿರುವುದರಿಂದಲೇ ಮುಂದೇನಾಗುತ್ತದೆ ಎಂಬ ಕಾತರ ಬದಿಗೆ ಸರಿದು, ಎದುರಿಗಿರುವ ಮುಖಗಳನ್ನು ನೋಡಲು ನಮಗೆ ವ್ಯವಧಾನ ಸಿಗುತ್ತದೆ.

ಸೆಪ್ಟನ್ ಮೆರಿಬಾಲ್ಡ್‌ನ ಮಾತನ್ನೇ ತೆಗೆದುಕೊಳ್ಳಿ. ಅವನು ಬರಿಗಾಲಲ್ಲಿ ಊರೂರು ಅಲೆಯುವ ಧರ್ಮಗುರು. ಜೊತೆಗೆ ಒಂದು ನಾಯಿ, ಬಡವರಿಗೆ ಹಂಚಲು ಹೊತ್ತ ಆಹಾರದ ಮೂಟೆಗಳು. ಯುದ್ಧದಿಂದ ತಪ್ಪಿಸಿಕೊಂಡು ದರೋಡೆಗಿಳಿದ ಸೈನಿಕರ ಬಗ್ಗೆ ಮಾತು ಬಂದಾಗ ಅವನು ಅವರನ್ನು ಬೈಯುವುದಿಲ್ಲ. ತಾವು ಹುಟ್ಟಿದ ಮನೆಯಿಂದ ಒಂದು ಹರದಾರಿ ಆಚೆಗೂ ಹೋಗಿರದ ಹುಡುಗರು ಹಾಡುಗಳನ್ನೂ ಕಥೆಗಳನ್ನೂ ಕೇಳಿ ಹುರುಪಿನಿಂದ ದಂಡು ಸೇರುವುದು, ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಕಣ್ಣೆದುರಿಗೇ ಸಾಯುವುದು, ಹರಿದ ಪಾದರಕ್ಷೆಯ ಬದಲಿಗೆ ಹೆಣದ ಕಾಲಿನಿಂದ ಬಿಚ್ಚಿಕೊಳ್ಳುವುದು, ಎಂದೋ ಒಂದು ದಿನ ಒಳಗಿನದೇನೋ ಮುರಿದು ಓಡಿಹೋಗುವುದು, ಇವನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಕೇಳುತ್ತಿದ್ದವರಲ್ಲೊಬ್ಬ ನಿನಗಾಗ ಎಷ್ಟು ವಯಸ್ಸು ಎಂದು ಕೇಳಿದಾಗಲೇ ಅದು ಅವನದೇ ಕಥೆ ಎಂಬುದು ಹೊರಬೀಳುತ್ತದೆ. ಡ್ರ್ಯಾಗನ್ ಇಲ್ಲ, ಮಾಟಮಂತ್ರ ಇಲ್ಲ, ಮುದುಕನೊಬ್ಬ ನಡೆಯುತ್ತ ಆಡಿದ ಮಾತು ಅಷ್ಟೆ. ಇಡೀ ಮಾಲಿಕೆಯಲ್ಲಿ ನನ್ನನ್ನು ಇದಕ್ಕಿಂತ ಹೆಚ್ಚು ಕಲಕಿದ ಪುಟಗಳು ಬೇರೆ ಇಲ್ಲ.

ಆ ಮಾತು ಕೇಳಿದ ಮೇಲೆ ಛತ್ರದ ಪ್ರಸಂಗವನ್ನು ಓದಿ. ಅನಾಥ ಮಕ್ಕಳಿರುವ ಅಂಗಳಕ್ಕೆ ಏಳು ಮಂದಿ ಕೊಲೆಗಡುಕರು ನುಗ್ಗುತ್ತಾರೆ. ಒಬ್ಬಳೇ ಅವರನ್ನು ಗೆಲ್ಲಲಾರೆನೆಂದು ಬ್ರಿಯೆನ್‌ಗೆ ಗೊತ್ತು, ಹಾಗೆಂದು ಮಕ್ಕಳನ್ನು ಬಿಟ್ಟು ಹೋಗಲೂ ಆಗದು. ಅವಳು ಮಳೆಯಲ್ಲಿ ಕತ್ತಿ ಹಿಡಿದು ಹೊರಗೆ ಬರುತ್ತಾಳೆ. ಹಾಡಿನಲ್ಲಿ ಹೊಗಳಿಸಿಕೊಳ್ಳುವ ಯಾವ ವೀರನೂ ಮಾಡದ ಕೆಲಸವನ್ನು, ಹಾಡು ಕಟ್ಟುವವರು ಯಾರೂ ಇಲ್ಲದ ಜಾಗದಲ್ಲಿ ಅವಳು ಮಾಡುತ್ತಾಳೆ. ಹುಡುಕಾಟಕ್ಕೆ ಫಲ ಸಿಗಲಿಲ್ಲ ಎಂದು ನೀವು ಬರೆದಿದ್ದೀರಿ. ಈ ಅಂಗಳಕ್ಕೆ ಅವಳನ್ನು ತಂದು ನಿಲ್ಲಿಸಿದ್ದು ಆ ಹುಡುಕಾಟವೇ.

ಪ್ರಶ್ನೆ: ಸೆರ್ಸಿಯನ್ನು ಚಾಣಾಕ್ಷಳೆಂದು ಭಾವಿಸಿದ್ದೆ. ಅವಳ ಮನಸ್ಸಿನೊಳಗೆ ಹೊಕ್ಕ ಮೇಲೆ ಅವಳು ಬರೀ ಮೂರ್ಖಳಂತೆ ಕಾಣುತ್ತಾಳೆ. ಲೇಖಕರು ಪಾತ್ರವನ್ನು ಕೆಡಿಸಿದರೆ?

ಉತ್ತರ: ಪಾತ್ರ ಕೆಟ್ಟಿಲ್ಲ, ನಾವು ಅವಳನ್ನು ನೋಡುವ ಕಣ್ಣು ಬದಲಾಗಿದೆ. ಹಿಂದಿನ ಪುಸ್ತಕಗಳಲ್ಲಿ ಅವಳನ್ನು ಕಂಡದ್ದು ಅವಳಿಗೆ ಹೆದರುತ್ತಿದ್ದವರ ಅಥವಾ ಅವಳನ್ನು ದ್ವೇಷಿಸುತ್ತಿದ್ದವರ ಮೂಲಕ, ಮತ್ತು ಆಗ ಅವಳ ಬೆನ್ನಿಗೆ ತಂದೆ ಟೈವಿನ್‌ನ ಬಲವಿತ್ತು. ತಂದೆ ಸತ್ತ ಮೇಲೆ ಉಳಿದದ್ದು ಬಾಲ್ಯದಲ್ಲಿ ಭವಿಷ್ಯ ಕೇಳಿ ಬೆಚ್ಚಿಬಿದ್ದ ಹುಡುಗಿ. ಮಕ್ಕಳು ನಿನಗಿಂತ ಮೊದಲು ಸಾಯುತ್ತಾರೆ, ನಿನಗಿಂತ ಕಿರಿಯಳೂ ಚೆಲುವೆಯೂ ಆದ ರಾಣಿ ಬರುತ್ತಾಳೆ ಎಂಬ ಮಾತು ಅವಳ ತಲೆಯಲ್ಲಿ ಕೊರೆಯುತ್ತಲೇ ಇದೆ. ಹಿರಿಯ ಮಗ ಆಗಲೇ ತೀರಿಕೊಂಡಿದ್ದಾನೆ. ಅವಳ ಪ್ರತಿಯೊಂದು ತಪ್ಪು ಹೆಜ್ಜೆಯ ಹಿಂದೆಯೂ ಈ ಭಯವಿದೆ ಎಂಬುದನ್ನು ಗಮನಿಸಿದರೆ ಮೂರ್ಖತನ ಎಂಬ ಮಾತು ಸಾಲುವುದಿಲ್ಲ.

ಆ ತಪ್ಪುಗಳನ್ನು ಹೆಣೆದಿರುವ ಕೌಶಲವನ್ನೂ ನೋಡಿ. ರಾಜ್ಯವು ಧರ್ಮಪೀಠಕ್ಕೆ 9 ಲಕ್ಷಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ಸಾಲ ತೀರಿಸಬೇಕಾಗಿದೆ. ಅದನ್ನು ಮನ್ನಾ ಮಾಡಿಸಿಕೊಳ್ಳಲು ಅವಳು ಒಂದು ಹಳೆಯ ನಿಷೇಧವನ್ನು ತೆಗೆದುಹಾಕಿ, ಧರ್ಮಪೀಠವು ತನ್ನದೇ ಸೈನ್ಯ ಕಟ್ಟಲು ಒಪ್ಪುತ್ತಾಳೆ. ಸಾಲ ಮಾಯವಾಯಿತೆಂದು ಹಿಗ್ಗುತ್ತಾಳೆ. ಅತ್ತ ರಾಜಧಾನಿಗೆ ನಡೆದುಬರುತ್ತಿರುವ ಬಡ ಭಕ್ತರು ಯುದ್ಧದಲ್ಲಿ ಕೊಲೆಯಾದ ಧರ್ಮಗುರುಗಳ ಮೂಳೆಗಳನ್ನು ಹೊತ್ತು ತಂದು ಮಹಾಮಂದಿರದ ಮುಂದೆ ರಾಶಿ ಹಾಕಿದ್ದಾರೆ. ಸೆರ್ಸಿಗೆ ಅದು ದಾರಿಗೆ ಅಡ್ಡವಾದ ಹೊಲಸಾಗಿ ಮಾತ್ರ ಕಾಣುತ್ತದೆ. ಬ್ರಿಯೆನ್ ಕಂಡ ನಾಡೇ ಎದ್ದು ತನ್ನ ಬಾಗಿಲಿಗೆ ಬಂದಿದೆ ಎಂಬುದು ಅವಳಿಗೆ ಹೊಳೆಯುವುದಿಲ್ಲ. ಕೊನೆಗೆ ಅವಳನ್ನು ಸೆರೆಯಲ್ಲಿಡುವುದು ಅವಳೇ ಆಯುಧ ಕೊಟ್ಟ ಆ ಧರ್ಮಪೀಠ. ಎರಡು ಕಥೆಗಳು ಒಂದನ್ನೊಂದು ಭೇಟಿಯಾಗದೆಯೇ ಹೀಗೆ ಒಂದಾಗುವುದು ಕಾದಂಬರಿಕಾರನ ದೊಡ್ಡ ಸಾಧನೆ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ನಾಲ್ಕು ಮತ್ತು ಐದನೆಯ ಪುಸ್ತಕಗಳ ಅಧ್ಯಾಯಗಳನ್ನು ಕಾಲಕ್ರಮದಲ್ಲಿ ಬೆರೆಸಿ ಓದುವ ಪಟ್ಟಿಗಳನ್ನು ಅಭಿಮಾನಿಗಳು ತಯಾರಿಸಿದ್ದಾರೆ. ಹಾಗೆ ಓದಬಹುದೆ?

ಉತ್ತರ: ಮೊದಲ ಓದಿಗೆ ಬೇಡ. ಒಂದು ಉದಾಹರಣೆ ಕೊಡುತ್ತೇನೆ. ಜಾನ್ ಸ್ನೋ ತನ್ನ ಗೆಳೆಯ ಸ್ಯಾಮ್‌ವೆಲ್‌ನನ್ನು ವೃದ್ಧ ಏಮನ್, ಎಳೆಯ ತಾಯಿ ಗಿಲ್ಲಿ ಮತ್ತು ಒಂದು ಕೂಸಿನೊಂದಿಗೆ ಹಡಗಿನಲ್ಲಿ ದೂರದ ಓಲ್ಡ್‌ಟೌನ್‌ಗೆ ಕಳುಹಿಸುವ ಸಂದರ್ಭ ಎರಡೂ ಪುಸ್ತಕಗಳಲ್ಲಿದೆ. ನಾಲ್ಕನೆಯದರಲ್ಲಿ ಅದನ್ನು ನೋಡುವವನು ಸ್ಯಾಮ್. ಗೆಳೆಯ ಇದ್ದಕ್ಕಿದ್ದಂತೆ ಪರಕೀಯನಾಗಿ, ಅಪ್ಪಣೆ ಕೊಡುವ ಅಧಿಕಾರಿಯಾಗಿ ಕಾಣುತ್ತಾನೆ. ಹಡಗಿನಲ್ಲಿ ಗಿಲ್ಲಿ ಅಳು ನಿಲ್ಲಿಸುವುದಿಲ್ಲ. ಸಮುದ್ರದ ಭಯವಿರಬೇಕು ಎಂದುಕೊಂಡಿದ್ದ ಸ್ಯಾಮ್‌ಗೆ, ಅದು ಭಯವಲ್ಲ ದುಃಖ ಎಂದು ಕಣ್ಣು ಕಾಣದ ಏಮನ್ ತಿಳಿಸಿದಾಗ ಸತ್ಯ ಹೊಳೆಯುತ್ತದೆ: ಅವಳ ಮಡಿಲಲ್ಲಿರುವುದು ಅವಳ ಮಗುವಲ್ಲ. ಬೇರೊಬ್ಬರ ಕೂಸಿನ ಪ್ರಾಣ ಉಳಿಸಲು ಜಾನ್ ಅದಲುಬದಲು ಮಾಡಿಸಿದ್ದಾನೆ. ಐದನೆಯ ಪುಸ್ತಕದಲ್ಲಿ ಜಾನ್ ಆ ಆಜ್ಞೆ ಕೊಡುವುದನ್ನೂ ಅದರಿಂದ ಅವನೊಳಗೆ ಆಗುವ ಸಂಕಟವನ್ನೂ ಕಾಣುತ್ತೇವೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಹಡಗಿನ ಮೇಲಿನ ಆ ಅಧ್ಯಾಯದ ಗುಟ್ಟು ಮೊದಲೇ ಒಡೆದುಹೋಗುತ್ತದೆ. ಎರಡನೆಯ ಸಲ ಓದುವಾಗ ಬೆರೆಸಿ ಓದಿ. ಆಗ ಅದರ ಸೊಗಸು ಬೇರೆ.

ಪ್ರಶ್ನೆ: ಈ ಮಾಲಿಕೆಯನ್ನು ಆಧರಿಸಿದ 'ಗೇಮ್ ಆಫ್ ಥ್ರೋನ್ಸ್' ಟಿವಿ ಸರಣಿಯನ್ನು ಪೂರ್ತಿ ನೋಡಿದ್ದೇನೆ. ಇದನ್ನು ಓದುವ ಅಗತ್ಯವಿದೆಯೆ?

ಉತ್ತರ: ಖಂಡಿತ ಇದೆ. 2015ರ ಐದನೆಯ ಸೀಸನ್ ಈ ಪುಸ್ತಕದಿಂದ ಸೆರ್ಸಿ ಮತ್ತು ಧರ್ಮಪೀಠದ ಕಥೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು, ಉಳಿದದ್ದನ್ನು ತುಂಬ ಬದಲಿಸಿತು. ಅಲ್ಲಿ ಜೇಮಿ ದಕ್ಷಿಣದ ತುದಿಯ ಡಾರ್ನ್‌ಗೆ ಹೋಗುತ್ತಾನೆ. ಪುಸ್ತಕದಲ್ಲಿ ಅವನು ಹೋಗುವುದು ತಾನೇ ಹಾಳುಗೆಡವಿದ ನದಿಗಳ ಸೀಮೆಗೆ. ಕತ್ತಿ ಹಿಡಿಯುವ ಬಲಗೈ ಕಳೆದುಕೊಂಡವನು ರಾತ್ರಿಯ ಹೊತ್ತು ನಾಲಗೆಯಿಲ್ಲದ ಇಲಿನ್ ಪೇಯ್ನ್ ಜೊತೆ ಎಡಗೈಯಲ್ಲಿ ಅಭ್ಯಾಸ ಮಾಡುತ್ತಾನೆ. ಹೊರಗೆ ಹೇಳಲಾರದ ಗುಟ್ಟುಗಳನ್ನೆಲ್ಲ ಆ ಮೂಕನ ಮುಂದೆ ಆಡುತ್ತಾನೆ. ರಿವರ್‌ರನ್ ಕೋಟೆಯನ್ನು ರಕ್ತ ಹರಿಸದೆ ವಶಪಡಿಸಿಕೊಂಡು, ಆ ಕೋಟೆಯ ಮನೆತನದ ವಿರುದ್ಧ ಶಸ್ತ್ರ ಎತ್ತೆನೆಂದು ಹಿಂದೆ ಕೊಟ್ಟ ಮಾತು ಉಳಿಸಿಕೊಂಡೆನೆಂದು ಅವನು ನೆಮ್ಮದಿಪಡುತ್ತಾನೆ. ಆದರೆ ಹಾಗೆ ವಶಪಡಿಸಿಕೊಂಡದ್ದು, ಹುಟ್ಟಲಿರುವ ಕೂಸನ್ನು ಕವಣೆಯಂತ್ರದಲ್ಲಿಟ್ಟು ಕೋಟೆಯೊಳಗೆ ಎಸೆಯುವೆನೆಂದು ಅದರ ತಂದೆಗೆ ಬೆದರಿಕೆ ಹಾಕಿ. ಒಳ್ಳೆಯವನಾಗಲು ಹೊರಟವನ ಕೈಯಲ್ಲಿ ಹಳೆಯ ಸಲಕರಣೆಗಳೇ ಉಳಿದಿವೆ ಎಂಬ ಈ ಸಂಕಟವನ್ನು ಅನುಭವಿಸಬೇಕಾದರೆ ಅವನ ಮನಸ್ಸಿನೊಳಗೆ ಇರಬೇಕಾಗುತ್ತದೆ, ಅದು ಪುಸ್ತಕದಲ್ಲಿ ಮಾತ್ರ ಸಾಧ್ಯ.

ಪ್ರಶ್ನೆ: ಅಭಿಮಾನಿಯಾಗಿ ನೀವು ಎಲ್ಲವನ್ನೂ ಸಮರ್ಥಿಸುತ್ತೀರೆಂದು ತೋರುತ್ತದೆ. ದೋಷಗಳೇ ಇಲ್ಲವೆ?

ಉತ್ತರ: ಇವೆ. ಕಬ್ಬಿಣದ ದ್ವೀಪಗಳಲ್ಲಿ ಹೊಸ ರಾಜನ ಆಯ್ಕೆಯನ್ನು ಏರನ್, ಆಶಾ, ವಿಕ್ಟೇರಿಯನ್ ಮೂವರ ದೃಷ್ಟಿಯಿಂದ ಹೇಳುವ ಅಗತ್ಯವಿರಲಿಲ್ಲ. ಒಬ್ಬರ ಕಣ್ಣು ಸಾಕಾಗುತ್ತಿತ್ತು. ಸಾನ್ಸಾಗೆ ಮತ್ತು ಆರ್ಯಾಗೆ ಮೂರು ಮೂರೇ ಅಧ್ಯಾಯಗಳು ದಕ್ಕಿರುವುದರಿಂದ ಅವರ ಕಥೆ ತೊಡಗಿತು ಎನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಮೂರನೆಯ ಕಾದಂಬರಿಯ ರಕ್ತಸಿಕ್ತ ಮದುವೆಯಂತೆ ಎಲ್ಲ ಎಳೆಗಳನ್ನೂ ಒಮ್ಮೆಗೇ ಬಿಗಿಯುವ ಒಂದು ಘಟನೆ ಇಲ್ಲಿ ಇಲ್ಲ, ಕೊನೆಯ ನೂರು ಪುಟಗಳಲ್ಲಿ ಅದರ ಕೊರತೆ ಕಾಡುತ್ತದೆ. ಡಾರ್ನ್‌ನ ಅಧ್ಯಾಯಗಳನ್ನು ಮಾತ್ರ ನಾನು ಈ ಪಟ್ಟಿಗೆ ಸೇರಿಸಲಾರೆ. ಅಂಜುಬುರುಕನೆಂದು ಸ್ವಂತ ಮಗಳಿಂದಲೇ ತಿರಸ್ಕಾರ ಉಂಡ ಅಲ್ಲಿನ ಪ್ರಭು ಡೋರನ್ ಮಾರ್ಟೆಲ್, ವರ್ಷಗಳಿಂದ ಯಾರಿಗೂ ಹೇಳದೆ ಕಾಯುತ್ತಿದ್ದುದು ಯಾವುದಕ್ಕಾಗಿ ಎಂದು ಅವಳಿಗೆ ತಿಳಿಸುವ ದೃಶ್ಯಕ್ಕಾಗಿ ಅಲ್ಲಿನ ನಿಧಾನಗತಿಯನ್ನು ಎಷ್ಟು ಬೇಕಾದರೂ ಸಹಿಸಬಹುದು.

ಪ್ರಶ್ನೆ: ಆರನೆಯ ಪುಸ್ತಕ 'ದ ವಿಂಡ್ಸ್ ಆಫ್ ವಿಂಟರ್' ಇನ್ನೂ ಬಂದಿಲ್ಲ. ಮುಗಿಯದ ಮಾಲಿಕೆಯಲ್ಲಿ ಇಷ್ಟು ದೂರ ಬರುವುದು ವ್ಯರ್ಥವಲ್ಲವೆ?

ಉತ್ತರ: ಈ ಕಾದಂಬರಿಯ ಮಟ್ಟಿಗೆ ವ್ಯರ್ಥವಲ್ಲ. ಸೆರ್ಸಿ ಏರಿ ಬೀಳುವುದು ಇಲ್ಲಿಯೇ ಪೂರ್ಣವಾಗುತ್ತದೆ. ಸೆರೆಯಿಂದ ಅವಳು ಬರೆದ ಪತ್ರ, ತನ್ನನ್ನು ಉಳಿಸೆಂಬ ಮೊರೆ, ಹಿಮ ಬೀಳುತ್ತಿರುವ ರಿವರ್‌ರನ್‌ನಲ್ಲಿ ಜೇಮಿಯ ಕೈ ಸೇರುತ್ತದೆ. ಅವನು ಅದನ್ನು ಬೆಂಕಿಗೆ ಹಾಕಿಸುತ್ತಾನೆ. ಮೊದಲ ಪುಸ್ತಕದಿಂದ ಹಬ್ಬಿಕೊಂಡು ಬಂದ, ಈ ಅವಳಿಗಳ ನಡುವಿನ ಗುಟ್ಟಿನ ಪ್ರಣಯ ಸಂಬಂಧ ಅಲ್ಲಿಗೆ ಕಡಿದುಬೀಳುತ್ತದೆ, ಅದಕ್ಕೆ ಮುಂದಿನ ಸಂಪುಟದ ಹಂಗಿಲ್ಲ. ನಿಜವಾಗಿ ತೂಗಾಡುತ್ತ ಉಳಿಯುವವಳು ಬ್ರಿಯೆನ್ ಒಬ್ಬಳೇ. ಕುತ್ತಿಗೆಗೆ ಕುಣಿಕೆ ಬಿದ್ದಿರುವಾಗ ಅವಳು ಕೂಗಿದ ಒಂದು ಪದ ಯಾವುದೆಂದು ತಿಳಿಸದೆಯೇ ಅವಳ ಕೊನೆಯ ಅಧ್ಯಾಯ ಮುಗಿಯುತ್ತದೆ. ಆ ಜಾಗದಲ್ಲಿ ಪುಸ್ತಕ ಮುಚ್ಚಿ ವರ್ಷಗಟ್ಟಲೆ ಕಾದವರ ಸಿಟ್ಟು ನ್ಯಾಯವಾದದ್ದೇ. ನೀವು ಹಾಗೆ ಕಾಯಬೇಕಾಗಿಲ್ಲ; ಐದನೆಯ ಪುಸ್ತಕದಲ್ಲಿ ಜೇಮಿಗೆ ಇರುವ ಒಂದೇ ಅಧ್ಯಾಯದ ಕೊನೆಯಲ್ಲಿ ಅವಳು ಮತ್ತೆ ಕಾಣಿಸಿಕೊಳ್ಳುತ್ತಾಳೆ, ಆಗ ಅವಳು ಅವನಿಗೆ ಹೇಳುವ ಮಾತನ್ನು ಎಚ್ಚರದಿಂದ ಓದಿ.